ಹಿಟ್ಟಿನ ಕೋಳಿ ಮತ್ತು ಸಾರಜನಕದ ಲೆಕ್ಕ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ದಾಟಿದರೆ ಕಡ್ಡಿರಾಂಪುರ ಸಿಗುತ್ತದೆ. ವಿಜಯನಗರ ಕಾಲದ ಮುಸ್ಲಿಂ ಗೋರಿಗಳಿರುವ ಊರು ಇದು. ಈ ಊರಿನಲ್ಲಿ ಒಂದೇ ಮಧ್ಯಾಹ್ನ ಮೂವರು ಊಟಕ್ಕೆ ಕುಳಿತಿದ್ದಾರೆಂದು ಊಹಿಸಿಕೊಳ್ಳಿ. ಮೂವರ ತಟ್ಟೆಯಲ್ಲೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೊದಲನೆಯವರು ಬಾಳೆತೋಟದ ಕೂಲಿ ಆಳು. ಮಾಂಸ ಕೊಳ್ಳಲು ದುಡ್ಡಿಲ್ಲ, ಮನೆಯಲ್ಲಿ ಕರೆಯುವ ಎಮ್ಮೆಯಿಲ್ಲ. ಜಾತ್ರೆಗೆ ಕುರಿ ಕಡಿದರೆ ಸಂತೋಷದಿಂದ ಉಣ್ಣುವವರು. ಎರಡನೆಯವರು ನಿವೃತ್ತ ನೌಕರರು. ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ವೈದ್ಯರ ಸಲಹೆಯಂತೆ ಮಾಂಸ, ಬೆಣ್ಣೆ, ತುಪ್ಪ, ಹಾಲು ಬಿಟ್ಟಿದ್ದಾರೆ. ಮೂರನೆಯವರು ಹಂಪಿ ನೋಡಲು ಬಂದ ಪ್ರವಾಸಿ. ರೊಟ್ಟಿಗೆ ತುಪ್ಪ ಸವರಿದ್ದೀರಾ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡವರು. ಅವರ ಕಾಲಿನ ಚಪ್ಪಲಿಯೂ ಚರ್ಮದ್ದಲ್ಲ.

ಈ ಮೂವರಲ್ಲಿ 'ವೀಗನ್' ಯಾರು? ತಟ್ಟೆಯನ್ನು ನೋಡಿ ಹೇಳುವುದಾದರೆ ಮೂವರೂ ಹೌದು. ಆದರೆ ಆ ಪದವನ್ನು ಹುಟ್ಟುಹಾಕಿದವರನ್ನು ಕೇಳಿದರೆ ಮೂರನೆಯವರು ಮಾತ್ರ. ಸಸ್ಯಮೂಲ ಆಹಾರ ಎಂಬುದು ಒಂದು ಊಟದ ಕ್ರಮ. ನೈತಿಕ ವೀಗನ್ ನಿಲುವು ಪ್ರಾಣಿಗಳ ಬಗ್ಗೆ ಒಬ್ಬರು ತೆಗೆದುಕೊಂಡ ನಿರ್ಧಾರ. ಪತ್ರಿಕೆಗಳಲ್ಲಿ, ಹೋಟೆಲಿನ ಫಲಕಗಳಲ್ಲಿ ಇವೆರಡೂ ಒಂದೇ ಎಂಬಂತೆ ಬಳಕೆಯಾಗುತ್ತಿವೆ. ನಮ್ಮ ನಾಡಿನ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಈ ವ್ಯತ್ಯಾಸ ಹೊಸದೇನೂ ಅಲ್ಲವೆಂದು ತಿಳಿಯುತ್ತದೆ.

ಭೌತವಿಜ್ಞಾನಿಯ ಅಭ್ಯಾಸದಂತೆ, ಮೊದಲು ಅಳೆಯಲು ಬರುವುದನ್ನು ಅಳೆಯೋಣ. ನಿಸರ್ಗದ ಸಾರಜನಕದಲ್ಲಿ ಎರಡು ಸ್ಥಿರ ಸಮಸ್ಥಾನಿಗಳಿವೆ. ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು 37 ಮಾತ್ರ ಸಾರಜನಕ-15, ಉಳಿದವು ಸಾರಜನಕ-14. ಪ್ರಾಣಿಗಳ ದೇಹ ಯೂರಿಯಾ ರೂಪದಲ್ಲಿ ಸಾರಜನಕವನ್ನು ಹೊರಹಾಕುವಾಗ ಹಗುರವಾದುದನ್ನು ತುಸು ಹೆಚ್ಚಾಗಿ ಹೊರಹಾಕುತ್ತದೆ, ಭಾರವಾದುದು ಒಳಗೆ ಉಳಿಯುತ್ತದೆ. ಹೀಗಾಗಿ ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಮೇಲೇರಿದಾಗಲೆಲ್ಲ ಸಾರಜನಕ-15ರ ಅನುಪಾತ ಸಾವಿರಕ್ಕೆ 3ರಿಂದ 5 ಪಾಲಿನಷ್ಟು ಏರುತ್ತದೆ. ಹುಲ್ಲಿಗಿಂತ ಕುರಿಯಲ್ಲಿ ಹೆಚ್ಚು, ಕುರಿಗಿಂತ ಅದನ್ನು ತಿಂದವರಲ್ಲಿ ಇನ್ನೂ ಹೆಚ್ಚು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಒಂದು ಗೇಣು ಕೂದಲನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಕೊಟ್ಟರೆ ಒಂದೂವರೆ ವರ್ಷದ ಊಟದ ದಿನಚರಿ ಸಿಕ್ಕಂತೆ. ಇಂಗಾಲ-13ನ್ನೂ ಅಳೆದರೆ ಜೋಳ ಉಣ್ಣುವವರನ್ನು ಅಕ್ಕಿ ಉಣ್ಣುವವರಿಂದ ಪ್ರತ್ಯೇಕಿಸಬಹುದು. ಎರಡೂ ಬೆಳೆಗಳ ದ್ಯುತಿಸಂಶ್ಲೇಷಣೆಯ ದಾರಿ ಬೇರೆ ಬೇರೆ.

ಇಲ್ಲೊಂದು ಸ್ವಾರಸ್ಯವಿದೆ. ಹಾಲಿನ ಪ್ರೋಟೀನು ಮತ್ತು ಮಾಂಸದ ಪ್ರೋಟೀನು ಎರಡೂ ಒಂದೇ ಪ್ರಾಣಿಯ ದೇಹದಿಂದ ಬಂದವು. ಸಾರಜನಕದ ಲೆಕ್ಕದಲ್ಲಿ ಅವನ್ನು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಧಾರಾಳವಾಗಿ ಹಾಲು ಮೊಸರು ಬಳಸುವ ನಮ್ಮ ಸಸ್ಯಾಹಾರಿ, ಈ ಉಪಕರಣದ ಕಣ್ಣಿಗೆ ಮಾಂಸಾಹಾರಿಯ ನೆರೆಯವನಾಗಿ ಕಾಣುತ್ತಾನೆ. ವೀಗನ್ ಊಟ ಮಾಡುವವರು ದೂರ ನಿಲ್ಲುತ್ತಾರೆ. ಆದರೆ ಕಡ್ಡಿರಾಂಪುರದ ನಮ್ಮ ಮೂವರ ಕೂದಲನ್ನು ಪಕ್ಕಪಕ್ಕದಲ್ಲಿ ಇಟ್ಟರೆ? ಅವರು ವರ್ಷವಿಡೀ ಇದೇ ಊಟ ಮಾಡುವವರಾದರೆ ಉಪಕರಣ ಕೈಚೆಲ್ಲುತ್ತದೆ. ಏನು ತಿಂದರೆಂದು ಅದು ಹೇಳಬಲ್ಲದು, ಏಕೆ ಬಿಟ್ಟರೆಂದು ಹೇಳಲಾರದು.

ಬೂದಿಗುಡ್ಡದಿಂದ ಮಹಾನವಮಿ ದಿಬ್ಬಕ್ಕೆ

ಈ ಸೀಮೆಯ ಜನ ಹಿಂದಿನಿಂದಲೂ ಏನು ಉಣ್ಣುತ್ತಿದ್ದರು? ಹೊಸಪೇಟೆ–ಬಳ್ಳಾರಿ ರಸ್ತೆಯ ಕುಡತಿನಿಯಲ್ಲಿ ನವಶಿಲಾಯುಗದ ಬೂದಿಗುಡ್ಡವಿದೆ. ಇಂಥ ಗುಡ್ಡಗಳು ಸುಟ್ಟ ದನದ ಸಗಣಿಯ ರಾಶಿಗಳೆಂದು ಈಗ ಖಚಿತವಾಗಿದೆ. ಅಂದರೆ ನಾಲ್ಕೈದು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ದೊಡ್ಡ ಪ್ರಮಾಣದ ದನಗಾಹಿ ಬದುಕಿತ್ತು. ಇದೇ ಸಂಪ್ರದಾಯದ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ದನಗಳನ್ನು ಕಡಿದು ಹಂಚಿಕೊಳ್ಳುತ್ತಿದ್ದ ಜಾಗವನ್ನೇ ಪತ್ತೆ ಮಾಡಿದರು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಕೊರಲೆ, ಹುರುಳಿ, ಹೆಸರು ಇವೆ. ಕಿರುಧಾನ್ಯ, ಬೇಳೆಕಾಳುಗಳ ಜೊತೆಗೆ ಹಾಲು, ಮಾಂಸ: ಇದು ಈ ಬಯಲಿನ ಹಳೆಯ ಊಟ. ಮಾಂಸದ ಪಾಲು ಕಡಿಮೆಯಾದಾಗ ಅದಕ್ಕೆ ಕಾರಣ ಬಹುಮಟ್ಟಿಗೆ ಬರಗಾಲ, ಬಡತನಗಳೇ ಇದ್ದಿರಬೇಕು ಎಂಬುದು ನನ್ನ ಊಹೆ.

ವಿಜಯನಗರದ ಕಾಲಕ್ಕೆ ಬಂದರೆ ಬರಹದ ಸಾಕ್ಷ್ಯ ದೊರೆಯುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿ ಹಬ್ಬದ ಮೊದಲ ದಿನ 24 ಕೋಣ ಮತ್ತು 150 ಕುರಿಗಳನ್ನೂ, ಕೊನೆಯ ದಿನ 250 ಕೋಣ ಮತ್ತು 4500 ಕುರಿಗಳನ್ನೂ ಬಲಿಕೊಟ್ಟರೆಂದು ಬರೆದಿದ್ದಾನೆ. ಯಾವ ಜೀವಿಯನ್ನೂ ಕೊಲ್ಲದ, ತಿನ್ನದ ಬ್ರಾಹ್ಮಣರು ಅದೇ ಪಟ್ಟಣದಲ್ಲಿದ್ದುದನ್ನೂ ಅವನೇ ಹೇಳುತ್ತಾನೆ. ಸುಮಾರು ಒಂದೂವರೆ ದಶಕದ ತರುವಾಯ ಬಂದ ಫೆರ್ನಾವೊ ನ್ಯೂನಿಜ್, ಅರಸರು ಗೋಮಾಂಸವೊಂದನ್ನು ಬಿಟ್ಟು ಬಗೆಬಗೆಯ ಮಾಂಸ ತಿನ್ನುತ್ತಿದ್ದರೆಂದು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ಇಲಿ, ಹಲ್ಲಿಗಳೂ ಇವೆ!

ಇದೇ ರಾಜಧಾನಿಯಲ್ಲಿ ಜೈನರೂ ಇದ್ದರು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಗಾಣಗಿತ್ತಿ ಬಸದಿಯನ್ನು 1385ರಲ್ಲಿ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಕಟ್ಟಿಸಿದ. ಜೈನ ಶ್ರಾವಕರ ಮೂಲ ನಿಯಮಗಳನ್ನು ಗಮನಿಸಿ. ಮದ್ಯ, ಮಾಂಸ, ಜೇನು ನಿಷಿದ್ಧ. ಜೊತೆಗೆ ಅತ್ತಿಯ ಜಾತಿಯ ಐದು ಹಣ್ಣುಗಳೂ ನಿಷಿದ್ಧ, ಅವುಗಳೊಳಗೆ ಸಣ್ಣ ಹುಳುಗಳಿರುವುದರಿಂದ. ಹಾಲಿಗೆ ಅನುಮತಿಯುಂಟು. ಅಂದರೆ ಸಸ್ಯದಿಂದ ಬಂದ ಹಣ್ಣು ಬೇಡ, ಪ್ರಾಣಿಯಿಂದ ಬಂದ ಹಾಲು ಆಗಬಹುದು. ಇಲ್ಲಿ ಗೆರೆ ಎಳೆದಿರುವುದು ಹಿಂಸೆಯ ಲೆಕ್ಕದಿಂದ. ಸಸ್ಯಮೂಲವೋ ಪ್ರಾಣಿಮೂಲವೋ ಎಂಬ ವಿಂಗಡಣೆ ಅವರಿಗೆ ಮುಖ್ಯವಾಗಲಿಲ್ಲ. ಹಿಂಸೆಯಲ್ಲೂ ಅವರು ನಾಲ್ಕು ಬಗೆ ಹೇಳುತ್ತಾರೆ: ಮನೆಗೆಲಸದಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ ಮತ್ತು ಬೇಕೆಂದೇ ಮಾಡುವ ಸಂಕಲ್ಪೀ. ಗೃಹಸ್ಥ ಪೂರ್ತಿಯಾಗಿ ಬಿಡಬೇಕಾದದ್ದು ಕೊನೆಯದನ್ನು.

ಸಂಕಲ್ಪಹಿಂಸೆಯನ್ನು ಕುರಿತು ಕನ್ನಡದಲ್ಲಿ ಬಂದ ಅತಿ ಕಟುವಾದ ವಿಚಾರ ಜನ್ನನ 'ಯಶೋಧರ ಚರಿತೆ'ಯಲ್ಲಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಇದನ್ನು 1209ರಲ್ಲಿ ಬರೆದ. ಕಥೆ ನಿಮಗೆ ಗೊತ್ತಿರಬಹುದು. ಕೆಟ್ಟ ಕನಸಿನ ಪರಿಹಾರಕ್ಕಾಗಿ ದೇವಿಗೆ ಕೋಳಿಯನ್ನು ಬಲಿಕೊಡೆಂದು ತಾಯಿ ಚಂದ್ರಮತಿ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ ಕೊನೆಗೆ ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ, ಏಕೆಂದರೆ ಅದರೊಳಗೆ ಒಂದು ಬೆಂತರ ಹೊಕ್ಕಿರುತ್ತದೆ. ಆ ಪಾಪಕ್ಕೆ ಮಗ ನವಿಲಾಗಿ, ತಾಯಿ ನಾಯಾಗಿ ಹುಟ್ಟಿ, ಮುಂದೆಯೂ ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಸಾಯುತ್ತಾರೆ.

ಈ ಕಥೆಯನ್ನು ನಮ್ಮ ಪ್ರಯೋಗಶಾಲೆಗೆ ತಂದು ನೋಡಿ. ಕಡಿದ ವಸ್ತುವಿನ ಒಂದು ಚೂರನ್ನು ಪರೀಕ್ಷಿಸಿದರೆ ಸಿಗುವುದು ಬರೀ ಹಿಟ್ಟು, ನೂರಕ್ಕೆ ನೂರು ಸಸ್ಯಮೂಲ. ಆದರೂ ಕವಿಯ ತೀರ್ಪಿನಲ್ಲಿ ಅದು ಕೊಲೆ, ಏಕೆಂದರೆ ಕತ್ತಿ ಎತ್ತಿದವನ ಮನಸ್ಸಿನಲ್ಲಿ ಕೊಲ್ಲುವ ಭಾವವಿತ್ತು. ಆಯುಧಪೂಜೆಯ ದಿನ ಲಾರಿಯ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುವುದನ್ನು ಜನ್ನ ಕಂಡಿದ್ದರೆ ಏನೆನ್ನುತ್ತಿದ್ದನೋ! ನಮ್ಮ ರಾಜ್ಯದ ಪ್ರಾಣಿಬಲಿ ನಿಷೇಧ ಕಾಯ್ದೆ 1959ರದು. ಕಾನೂನಿಗೆ ಕುಂಬಳಕಾಯಿಯ ತಕರಾರಿಲ್ಲ. ಗಿರೀಶ ಕಾರ್ನಾಡರು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಂಡರು.

ಹಾಲಿನ ಪ್ರಶ್ನೆ

ಜೈನರು ಬಿಟ್ಟುಕೊಟ್ಟ ಹಾಲಿನ ವಿಷಯವನ್ನು ಆಧುನಿಕ ಕಾಲದಲ್ಲಿ ಮತ್ತೆ ಎತ್ತಿದವರಲ್ಲಿ ಗಾಂಧೀಜಿ ಒಬ್ಬರು. ಹೆಚ್ಚು ಹಾಲು ಹಿಂಡಲು ಕಲ್ಕತ್ತೆಯಲ್ಲಿ ಹಸು, ಎಮ್ಮೆಗಳಿಗೆ ಕೊಡುತ್ತಿದ್ದ 'ಫೂಕಾ' ಎಂಬ ಹಿಂಸೆಯ ವಿಷಯ ತಿಳಿದು, ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ಹಾಲು ಬಿಟ್ಟರು. 1918–19ರಲ್ಲಿ ಕಾಯಿಲೆಯಿಂದ ಸಾವಿನ ಸಮೀಪಕ್ಕೆ ಹೋದಾಗ, ವ್ರತ ಹಸು, ಎಮ್ಮೆಗಳ ಹಾಲಿಗೆ ಸಂಬಂಧಿಸಿದ್ದು, ಆಡಿನ ಹಾಲು ಕುಡಿಯಬಹುದಲ್ಲ ಎಂದು ಕಸ್ತೂರಬಾ ಸೂಚಿಸಿದರು. ಗಾಂಧೀಜಿ ಕುಡಿದರು. ಆದರೆ ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡರು. ಹಿಟ್ಟಿನ ಕೋಳಿ ನೆನಪಾಯಿತೆ? 1927ರಲ್ಲಿ ಅವರೇ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಪಶುಪಾಲನೆಯ ಪಾಠ ಕಲಿತರೆಂಬುದೂ ನಿಜ. 1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಮಾತನಾಡುತ್ತ ಅವರು, ಕೇವಲ ಆರೋಗ್ಯಕ್ಕಾಗಿ ಸಸ್ಯಾಹಾರಿಗಳಾದವರು ಬಹುಪಾಲು ಹಿಂದೆ ಸರಿಯುತ್ತಾರೆ, ಅದಕ್ಕೆ ನೈತಿಕ ತಳಹದಿ ಬೇಕು ಎಂಬ ವಾದ ಮಂಡಿಸಿದರು. ನಮ್ಮ ಎರಡನೆಯ ಮತ್ತು ಮೂರನೆಯ ತಟ್ಟೆಗಳ ನಡುವಿನ ಗೆರೆ ಇದೇ.

ಹದಿಮೂರು ವರ್ಷಗಳ ನಂತರ, 1944ರ ನವೆಂಬರಿನಲ್ಲಿ, ಡೊನಾಲ್ಡ್ ವ್ಯಾಟ್ಸನ್ ಮತ್ತು ಕೆಲವು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಆರಂಭಿಸಿದರು. ಇಂಗ್ಲಿಷಿನ 'ವೆಜಿಟೇರಿಯನ್' ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರ ಸೇರಿಸಿ 'ವೀಗನ್' ಪದ ಮಾಡಿದರು. ಹಸು ಕರು ಹಾಕಿದ ಮೇಲೆಯೇ ಹಾಲು ಕೊಡುತ್ತದೆ. ಹಾಗಾದರೆ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ? ಇದು ಅವರ ಪ್ರಶ್ನೆ. ಹಾಲಿನ ವ್ಯಾಪಾರ ನಡೆಯುವ ಯಾವ ಊರಿನಲ್ಲಿಯಾದರೂ ಈ ಪ್ರಶ್ನೆ ಕೇಳಬಹುದು. 1979ರ ವೇಳೆಗೆ ಅವರ ವ್ಯಾಖ್ಯೆ, ಆಹಾರ, ಉಡುಪು ಅಥವಾ ಇನ್ನಾವುದೇ ಉದ್ದೇಶಕ್ಕೆ ಪ್ರಾಣಿಗಳ ಶೋಷಣೆಯನ್ನು ಸಾಧ್ಯವಾದಷ್ಟೂ ಕೈಬಿಡುವುದು ಎಂಬಷ್ಟು ವಿಸ್ತಾರವಾಯಿತು. 'ಸಾಧ್ಯವಾದಷ್ಟೂ' ಎಂಬ ಪದವನ್ನು ಗಮನಿಸಿ. ಜೀವ ಉಳಿಸುವ ಔಷಧಿಗೆ ಅಲ್ಲಿ ಎಡೆಯಿದೆ.

ಕರ್ನಾಟಕದಲ್ಲಿ ಈ ವಿಸ್ತಾರ ಮೊದಲು ತಾಗುವುದು ರೇಷ್ಮೆಗೆ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಚಿಟ್ಟೆ ಹೊರಬಂದರೆ ಎಳೆ ತುಂಡಾಗುವುದರಿಂದ ಕೋಶವನ್ನು ಮೊದಲೇ ಆವಿಯಲ್ಲೋ ಬಿಸಿಗಾಳಿಯಲ್ಲೋ ಸಾಯಿಸಿ ನೂಲು ತೆಗೆಯುತ್ತಾರೆ. ಈರುಳ್ಳಿಯನ್ನೂ ಮುಟ್ಟದವರು ಮಡಿಗೆಂದು ರೇಷ್ಮೆ ಉಟ್ಟು ಊಟಕ್ಕೆ ಕೂರುತ್ತಾರೆ. ಸಸ್ಯಮೂಲ ಆಹಾರದ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ. ನೈತಿಕ ವೀಗನ್ ದೃಷ್ಟಿಯಿಂದ ಊಟಕ್ಕಿಂತ ಮೊದಲು ಸೀರೆಯ ವಿಚಾರಣೆ ಆಗಬೇಕು.

ಕಾನೂನೂ ಈ ಭೇದವನ್ನು ಗುರುತಿಸತೊಡಗಿದೆ. 2020ರ ಜನವರಿಯಲ್ಲಿ ಇಂಗ್ಲೆಂಡಿನ ಉದ್ಯೋಗ ನ್ಯಾಯಮಂಡಳಿಯೊಂದು, ನೈತಿಕ ವೀಗನ್ ನಿಲುವು ಕಾನೂನಿನ ರಕ್ಷಣೆಗೆ ಅರ್ಹವಾದ ತಾತ್ವಿಕ ನಂಬಿಕೆ ಎಂದು ಹೇಳಿತು. ಅರ್ಜಿದಾರ ಜೋರ್ಡಿ ಕಾಸಮಿಟ್ಜನರ ತಕರಾರು ಊಟಕ್ಕೆ ಸಂಬಂಧಿಸಿದ್ದಲ್ಲ. ನೌಕರರ ಪಿಂಚಣಿ ಹಣ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಕಂಪನಿಗಳಲ್ಲಿ ತೊಡಗಿದೆ ಎಂಬುದು ಅವರ ಆಕ್ಷೇಪವಾಗಿತ್ತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2022ರ ವೀಗನ್ ಆಹಾರ ನಿಯಮಗಳು ಕೂಡ, ಪದಾರ್ಥದಲ್ಲಿ ಪ್ರಾಣಿಮೂಲದ ಅಂಶ ಇರಕೂಡದು ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ಸರ್ಕಾರಿ ನಿಯಂತ್ರಕರು ಕಡ್ಡಾಯ ಮಾಡಿದ ಸಂದರ್ಭ ಬಿಟ್ಟರೆ, ಅದಕ್ಕಾಗಿ ಪ್ರಾಣಿಗಳ ಮೇಲೆ ಪರೀಕ್ಷೆಯನ್ನೂ ನಡೆಸಿರಬಾರದು. ಹಸಿರು ಚುಕ್ಕೆಗೆ ಇಂಥ ಷರತ್ತಿಲ್ಲ.

ಶಿಕ್ಷಕರಿಗೆ ಈ ಚರ್ಚೆ ತೀರ ಹತ್ತಿರದ್ದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ವಿರೋಧವೂ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂಬ ಏರ್ಪಾಡಾಯಿತು. ಮನೆಯ ನಂಬಿಕೆಯಿಂದ ಬೇಡವೆನ್ನುವ ಮಗುವಿನ ಮಾತಿಗೆ ಬೆಲೆ ಕೊಡಬೇಕು. ಆದರೆ ಮನೆಯಲ್ಲಿ ಮೊಟ್ಟೆ ಕೊಳ್ಳಲಾಗದ ಕಾರಣಕ್ಕೇ ಅದನ್ನು ಕಾಣದ ಮಗುವನ್ನು 'ಸಸ್ಯಾಹಾರಿ' ಎಂಬ ಅದೇ ಕಲಮಿಗೆ ಸೇರಿಸಿದರೆ ಅದು ಅನ್ಯಾಯ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಅರ್ಧ ಮೈಕ್ರೋಗ್ರಾಂನಷ್ಟು ಬಿ12 ಜೀವಸತ್ವ ಇರುತ್ತದೆ. ಬಾಳೆಹಣ್ಣಿನಲ್ಲಿ ಪ್ರೋಟೀನು ಹೆಚ್ಚೆಂದರೆ ಒಂದೆರಡು ಗ್ರಾಂ, ಬಿ12 ಇಲ್ಲವೇ ಇಲ್ಲ. ಚಿಕ್ಕಿಯಲ್ಲಿ ಪ್ರೋಟೀನು ಉಂಟು, ಬಿ12 ಇಲ್ಲ.

ಬಿ12ರ ವಿಷಯದಲ್ಲಿ ನಿಮ್ಮ ತಟ್ಟೆಯ ಹಿಂದಿನ ಕಾರಣ ಏನೇ ಇರಲಿ, ದೇಹಕ್ಕೆ ಅದರ ಪರಿವೆಯಿಲ್ಲ. ವಯಸ್ಕರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಸಾಕು, ಆದರೆ ಅಷ್ಟು ಬೇಕೇ ಬೇಕು. ಕಡಿಮೆಯಾದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು. ನರಗಳಿಗಾದ ಹಾನಿ ಕೆಲವೊಮ್ಮೆ ಮರಳಿ ಸರಿಹೋಗುವುದಿಲ್ಲ. 1948ರಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. 1956ರಲ್ಲಿ ಡೊರೊತಿ ಹಾಡ್ಜ್‌ಕಿನ್ ಕ್ಷಕಿರಣಗಳಿಂದ ಇದರ ರಚನೆ ಬಿಡಿಸಿದರು. ಇದನ್ನು ತಯಾರಿಸಬಲ್ಲವು ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಸಸ್ಯಗಳಿಗೂ ಪ್ರಾಣಿಗಳಿಗೂ ಈ ವಿದ್ಯೆ ಬರುವುದಿಲ್ಲ. ಹಸು ಕೂಡ ತನ್ನ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಪಡೆದದ್ದನ್ನೇ ಹಾಲಿಗೆ ಇಳಿಸುತ್ತದೆ. ಕಾರ್ಖಾನೆಗಳಲ್ಲೂ ಬಿ12 ತಯಾರಾಗುವುದು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದಲೇ. ಆದ್ದರಿಂದ ಹಾಲು ಬಿಟ್ಟ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದರೆ, ವೈದ್ಯರನ್ನು ಕೇಳಿ ಬಿ12 ತೆಗೆದುಕೊಳ್ಳುವಂತೆ ಹೇಳಿ. ನಿವೃತ್ತ ನೌಕರರು ಅಂಗಡಿಯಲ್ಲಿ ಸಿಕ್ಕಿದ ಕ್ಯಾಪ್ಸೂಲನ್ನು ನುಂಗುತ್ತಾರೆ. ನಮ್ಮ ಪ್ರವಾಸಿ ಮಾತ್ರ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದುತ್ತಾರೆ. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಟಿನ್, ಅದನ್ನು ತೆಗೆಯುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ.