ಬಹದ್ದೂರ್ ಗಂಡು ಮತ್ತು ನೆಲದ ಟಿಕೆಟ್ಟಿನ ನಗು

ಕೋಲಾರ ಜಿಲ್ಲೆಗೆ ಷೇಕ್ಸ್‌ಪಿಯರ್ ಎರಡು ಬಾಗಿಲಿನಿಂದ ಬಂದ. ಒಂದು ಓದಿದವರ ಮನೆಯ ಬಾಗಿಲು. ಮುಳಬಾಗಿಲಿನ ಡಿ.ವಿ.ಜಿ. ಮ್ಯಾಕ್‌ಬೆತ್‌ನನ್ನು ಕನ್ನಡಕ್ಕೆ ತಂದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಲಿಯರ್, ಹ್ಯಾಮ್ಲೆಟ್, ಚಂಡಮಾರುತ, ದ್ವಾದಶರಾತ್ರಿ ಅಂತ ಒಂದಾದ ಮೇಲೊಂದು ತಂದರು. ದೊಡ್ಡ ಕೆಲಸವೇ, ಅದರಲ್ಲಿ ಜಗಳವಿಲ್ಲ. ಆದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಿಗೆ ಆ ಪುಸ್ತಕಗಳು ಬರಲಿಲ್ಲ. ಕೇರಿಗೆ ಅಕ್ಷರವೇ ಬಂದಿರಲಿಲ್ಲ, ಪುಸ್ತಕ ಎಲ್ಲಿಂದ ಬರಬೇಕು?

ಇನ್ನೊಂದು ಬಾಗಿಲು ಟೂರಿಂಗ್ ಟಾಕೀಸಿನ ಟೆಂಟಿನದು. ಆ ಬಾಗಿಲಿನಿಂದ ಬಂದ ಷೇಕ್ಸ್‌ಪಿಯರನಿಗೆ ಹೆಸರೇ ಇರಲಿಲ್ಲ. ಅವನು ರಾಜ್‌ಕುಮಾರರ ವೇಷದಲ್ಲಿ ಬಂದ, ಹಾಡು ಹೇಳುತ್ತಾ ಬಂದ. ನಮ್ಮ ತಾತಂದಿರು ನೆಲದ ಟಿಕೆಟ್ ತಗೊಂಡು, ಮರಳಲ್ಲಿ ಕೂತು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆ ನಗುವಿನ ಚರಿತ್ರೆಯನ್ನು ಯಾರೂ ಬರೆದಿಲ್ಲ. ರಾಜರ ಚರಿತ್ರೆ ಬರೆಯೋರಿಗೆ ನೆಲದ ಟಿಕೆಟ್ ಕಾಣೋದಿಲ್ಲ, ಸಾಹಿತ್ಯದ ಚರಿತ್ರೆ ಬರೆಯೋರಿಗೆ ಟೆಂಟೇ ಕಾಣೋದಿಲ್ಲ.

ನಾನು ಹೇಳುತ್ತಿರೋದು 1976ರ 'ಬಹದ್ದೂರ್ ಗಂಡು' ಸಿನಿಮಾದ ಮಾತು. ನಿರ್ದೇಶನ ಎ.ವಿ. ಶೇಷಗಿರಿರಾವ್, ಬರವಣಿಗೆ ಚಿ. ಉದಯಶಂಕರ್, ಸಂಗೀತ ಎಂ. ರಂಗರಾವ್. ಸೊಕ್ಕಿನ ರಾಜಕುಮಾರಿ ಜಯಂತಿ, ಆ ಸೊಕ್ಕು ಇಳಿಸುವ ಹಳ್ಳಿ ಗಂಡು ರಾಜ್‌ಕುಮಾರ್. ಯಾವ ದೇಶ ಅಂತಿಲ್ಲ, ಯಾವ ಶತಮಾನ ಅಂತಿಲ್ಲ. ಒಂದು ಅರಮನೆ, ಒಂದಷ್ಟು ಕತ್ತಿ, ಒಂದು ಹಳ್ಳಿ, ನಡುವೆ ಗಂಡು ಹೆಣ್ಣಿನ ಜಟಾಪಟಿ. ಇಂಥವಕ್ಕೆ ಪೇಟೆಯವರು 'ಜಾನಪದ ಚಿತ್ರ' ಅಂತ ಹೆಸರಿಟ್ಟರು. ಯಾವ ಜನಪದರು ಅಂತ ಯಾರೂ ಕೇಳಲಿಲ್ಲ. ಕಥೆಯ ಎಳೆ ಮಾತ್ರ ಷೇಕ್ಸ್‌ಪಿಯರ್ 1590ರ ಹೊತ್ತಿಗೆ ಬರೆದ 'ಟೇಮಿಂಗ್ ಆಫ್ ದಿ ಶ್ರೂ' ನಾಟಕದ್ದು. ಗಯ್ಯಾಳಿಯನ್ನು ಪಳಗಿಸುವುದು ಅಂತ ಅದರ ಅರ್ಥ. ಪಳಗಿಸೋದು ಅನ್ನೋ ಮಾತನ್ನು ನಾವು ಆನೆಗೆ, ಹೋರಿಗೆ ಹೇಳ್ತೀವಿ. ಈ ನಾಟಕಕ್ಕೆ ಕನ್ನಡದಲ್ಲಿ ಹಿಂದೆ 'ಚಂಡೀಮರ್ದನ' ಅನ್ನೋ ರೂಪ ಇತ್ತು. ಆಮೇಲೆ ಪರ್ವತವಾಣಿಯವರ 'ಬಹದ್ದೂರ್ ಗಂಡ' ರಂಗದ ಮೇಲೆ ಹೆಸರು ಮಾಡಿತು. ಹೆಣ್ಣನ್ನು ಮರ್ದನ ಮಾಡೋ ಹೆಸರು ಹೋಗಿ ಗಂಡನ್ನು ಹೊಗಳೋ ಹೆಸರು ಬಂತು. ಮಾಡೋ ಕೆಲಸ ಅದೇ.

ಹಾಗಂತ ಇದನ್ನು ಬಿಳಿಯರಿಂದ ತಂದ ಸರಕು ಅನ್ನೋ ಹಾಗಿಲ್ಲ. ಚಂಡಿ ನಮ್ಮಲ್ಲೇ ಇದ್ದಳು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಉದ್ದಾಲಕ ಋಷಿಯ ಹೆಂಡತಿ ಚಂಡಿ. ಗಂಡ ಬೇಕು ಅಂದರೆ ಬೇಡ ಅನ್ನೋಳು, ಬೇಡ ಅಂದರೆ ಬೇಕು ಅನ್ನೋಳು. ಋಷಿಗೆ ಇನ್ನೊಬ್ಬ ಋಷಿ ಉಪಾಯ ಹೇಳಿಕೊಡ್ತಾನೆ: ನಿನಗೆ ಬೇಕಾದ್ದಕ್ಕೆ ಉಲ್ಟಾ ಹೇಳು. ಶ್ರಾದ್ಧವೆಲ್ಲ ಹಾಗೇ ಸಲೀಸಾಗಿ ನಡೆದು, ಕೊನೆಗೆ ಮೈಮರೆತು ಪಿಂಡದ ವಿಷಯ ನೇರವಾಗಿ ಹೇಳಿಬಿಡ್ತಾನೆ. ಅವಳು ಅದನ್ನು ಹೊಲಸಿಗೆ ಎಸೀತಾಳೆ. ಕಲ್ಲಾಗು ಅಂತ ಶಾಪ. ಅರ್ಜುನ ಬಂದು ಮುಟ್ಟೋವರೆಗೂ ಕಲ್ಲು. ನಡುಗಾಲದ ಕನ್ನಡ ಕಾವ್ಯದಲ್ಲಿ ಇಷ್ಟು ಚೆನ್ನಾಗಿ ನಗಿಸೋ ಜಾಗ ಕಡಿಮೆ. ಆ ನಗೆಯ ತುದಿಯಲ್ಲಿ ಕಲ್ಲಾಗಿ ನಿಂತವಳು ಒಬ್ಬ ಹೆಂಗಸು ಅನ್ನೋದನ್ನು ಓದುಗ ಮರೀತಾನೆ.

ಸಿನಿಮಾದವರು ಈ ಹಳೇ ನಗೆಗೆ ಹೊಸದೊಂದು ಕಸಿ ಕಟ್ಟಿದರು. ಷೇಕ್ಸ್‌ಪಿಯರನ ಗಂಡಸು ಬಡವನಲ್ಲ, ವರದಕ್ಷಿಣೆಗೆ ಬಂದ ಜಮೀನ್ದಾರ. ನಮ್ಮ ಸಿನಿಮಾದಲ್ಲಿ ಹೆಣ್ಣು ಅರಮನೆಯವಳು, ಗಂಡು ಹೊಲದವನು. ಮೆಹಬೂಬ್ ಖಾನ್ 1952ರಲ್ಲೇ 'ಆನ್' ಅನ್ನೋ ಹಿಂದಿ ಸಿನಿಮಾದಲ್ಲಿ ದಿಲೀಪ್ ಕುಮಾರ್ ಕೈಯಲ್ಲಿ ರಾಜಕುಮಾರಿ ನಾದಿರಾಳನ್ನು ಹಳ್ಳಿಗೆ ಎಳೆತಂದು ರೈತರ ಹೆಣ್ಣಾಗಿ ಬದುಕಿಸಿ ತೋರಿಸಿದ್ದ. ಶೇಷಗಿರಿರಾಯರೇ 1974ರಲ್ಲಿ ಧುತ್ತರಗಿಯವರ ನಾಟಕ ಹಿಡಿದು 'ಸಂಪತ್ತಿಗೆ ಸವಾಲ್' ಮಾಡಿದಾಗ, ಸಾಹುಕಾರನ ಮಗಳು ಮಂಜುಳಾ, ಬಡವ ರಾಜ್‌ಕುಮಾರ್. ಎರಡು ವರ್ಷ ಬಿಟ್ಟು ಅದೇ ಜಗಳಕ್ಕೆ ಕಿರೀಟ ತೊಡಿಸಿದರೆ ಬಹದ್ದೂರ್ ಗಂಡು. ಈ ಕಸಿಯಿಂದಲೇ ಬಡವರು ಗೆದ್ದಂತೆ ಕಾಣಿಸಿತು. ಟೆಂಟು ತುಂಬಿದ್ದು ಅದಕ್ಕೇ.

ಟೆಂಟು ಅಂದರೆ ಏನು ಅನ್ನೋದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ಒಂದೇ ಪ್ರೊಜೆಕ್ಟರ್, ಹಾಗಾಗಿ ರೀಲು ಬದಲಾಯಿಸೋವಾಗೆಲ್ಲ ಲೈಟು ಹತ್ತುತ್ತಿತ್ತು. ಶ್ರೀಲಂಕಾದ ತಮಿಳು ವಿದ್ವಾಂಸ ಕಾರ್ತಿಗೇಸು ಶಿವತಂಬಿ 1981ರಲ್ಲಿ ಬರೆದ ಒಂದು ಮಾತುಂಟು: ತಮಿಳರೆಲ್ಲ ಜಾತಿ ಬಿಟ್ಟು ಒಂದೇ ಸೂರಿನ ಕೆಳಗೆ ಕೂತ ಮೊದಲ ಆಟದ ಜಾಗ ಸಿನಿಮಾ ಥಿಯೇಟರು, ಅಲ್ಲಿ ಜಾಗ ಕೊಡೋದು ಹುಟ್ಟಲ್ಲ, ಕಾಸು ಅಂತ. ಅದು ನಮ್ಮ ಕಡೆಗೂ ನಿಜ, ಆದರೆ ಅರ್ಧ ನಿಜ. ಹೋಟ್ಲಲ್ಲಿ ಬೇರೆ ಲೋಟ ಇಡ್ತಿದ್ದ ಊರಲ್ಲೂ ಟೆಂಟಿನ ಗೇಟಲ್ಲಿ ಯಾರೂ ಜಾತಿ ಕೇಳಲಿಲ್ಲ, ಸರಿ. ಕೂಲಿ ಕಾಸಲ್ಲಿ ಬೆಂಚಿನ ಟಿಕೆಟ್ ಬರ್ತಿರಲಿಲ್ಲ ಅನ್ನೋದೂ ಅಷ್ಟೇ ಸರಿ. ಗೌಡರು ಬೆಂಚಲ್ಲಿ, ನಾವು ಮರಳಲ್ಲಿ. ಕೇಳದೇ ಜಾತಿ ವಿಂಗಡ ಆಗ್ತಿತ್ತು.

ಇನ್ನೊಂದು ವಿಂಗಡಣೆ ಇತ್ತು. ನೆಲದ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆಯೋ, ಒಂದು ತಡಿಕೆಯೋ. ಈ ಕಡೆ ಗಂಡಸರು, ಆ ಕಡೆ ಹೆಂಗಸರು. ಈ ಲೇಖನಕ್ಕಾಗಿ ಕೇರಿಯ ಹಿರಿಯರನ್ನು ಕೇಳುತ್ತಾ ಹೋದಾಗ ನನಗೆ ಆ ಗೋಡೆಯೇ ಮುಖ್ಯ ಅನ್ನಿಸಿತು. ಗೋಡೆಯ ಎರಡು ಕಡೆ ಎರಡು ಸಿನಿಮಾ ನಡೀತಿತ್ತು.

ಗಂಡಸರ ಕಡೆಯದು ಸುಲಭವಾಗಿ ಅರ್ಥ ಆಗುತ್ತೆ. ಬೆಳಿಗ್ಗೆ ಗೌಡರ ಹೊಲದಲ್ಲಿ ಬೈಸಿಕೊಂಡು, ಗೌಡಿತಿ ಎತ್ತರದಿಂದ ಸುರಿದ ನೀರಿಗೆ ಬೊಗಸೆ ಒಡ್ಡಿ ಕುಡಿದವನು ರಾತ್ರಿ ಸೆಕೆಂಡ್ ಶೋನಲ್ಲಿ ಅರಮನೆಯ ಹೆಣ್ಣು ತಲೆ ತಗ್ಗಿಸೋದು ನೋಡ್ತಾನೆ. ಶಿಳ್ಳೆ ಹೊಡೀತಾನೆ. ನಾನು ಆ ಶಿಳ್ಳೆಯನ್ನು ಹಗುರ ಮಾಡೋದಿಲ್ಲ. ಹಗಲೆಲ್ಲ ನುಂಗಿಕೊಂಡದ್ದು ಅದರಲ್ಲಿತ್ತು. ನಮ್ಮ ದೊಡ್ಡಪ್ಪ ಈಗಲೂ ಹೇಳ್ತಾರೆ: "ಅಣ್ಣಾವ್ರು ಅವಳ ಮುಂದೆ ಎದೆಯುಬ್ಬಿಸಿ ನಿಂತ್ರೆ ನಾವೇ ನಿಂತಂಗಾಗೋದು."

ನಮ್ಮಜ್ಜಿಗೆ ಸಿನಿಮಾಗಳ ಹೆಸರು ನೆನಪಿಲ್ಲ. ಗಡಿ ಸೀಮೆಯವಳು, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಅವಳಿಗೆ ರಾಜ್‌ಕುಮಾರರದೂ ರಾಮರಾಯರದೂ ಎಲ್ಲ ಸೇರಿ ಒಂದೇ ಸಿನಿಮಾ. ಆದರೆ ಸೊಕ್ಕಿನ ಹುಡುಗಿಯನ್ನು ಗುಡಿಸಲಿಗೆ ತಂದು ಬಗ್ಗಿಸೋ ಕಥೆ ಚೆನ್ನಾಗಿ ನೆನಪಿದೆ. ಕೊಡ ಹೊರಲಾರದೆ ಒದ್ದಾಡೋದು, ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳೋದು, ಇವು ಇಂಥ ಕಥೆಗಳಲ್ಲಿ ನಗಿಸೋಕೆ ಅಂತಲೇ ಇಟ್ಟಿರೋ ಜಾಗಗಳು. ಅಜ್ಜಿ ಹೇಳಿದ್ದು ಹೀಗೆ: "ನಿಮ್ ತಾತ ಆ ಕಡೆ ಬಿದ್ದು ಬಿದ್ದು ನಗೋನು ಕಣಮ್ಮ. ನಮ್ ಕಡೆ ಅಷ್ಟು ನಗು ಇರ್ಲಿಲ್ಲ. ಒಲೆ ಊದಾಕೆ ಬರಲ್ಲ ಅಂತ ನಗೋದಾ? ಎಂಟು ವರ್ಸಕ್ಕೆ ನಾನೂ ಹಂಗೇ ಹೊಗೇಲಿ ಅತ್ಕೊಂಡು ಊದಿದ್ದೆ. ಆಗ ಯಾರ್ ನಕ್ಕಿದ್ರು?"

ನಾನು ಬಿ.ಎ.ಯಲ್ಲಿ ಮೂರು ವರ್ಷ ಓದಿದ ವಿಮರ್ಶೆಯಲ್ಲಿ ಇಷ್ಟು ಹರಿತದ ಮಾತು ಸಿಕ್ಕಿರಲಿಲ್ಲ. ರಾಜಕುಮಾರಿಗೆ ಕೊಟ್ಟ ಶಿಕ್ಷೆ ಯಾವುದು? ನೀರು ಹೊರೋದು, ಬೀಸೋದು, ಸೌದೆ ತರೋದು, ಮುದ್ದೆ ತಿರುವೋದು. ನಮ್ಮಜ್ಜಿಗೆ ಅದು ಶಿಕ್ಷೆಯಲ್ಲ, ದಿನಚರಿ. ಅವಳು ಯಾವ ಸೊಕ್ಕಿಗೆ ಇದನ್ನು ಅನುಭವಿಸಿದಳು? ಪರದೆಯ ಮೇಲಿನವಳು ಮೂರನೇ ರೀಲಿನಿಂದ ಹತ್ತನೇ ರೀಲಿನೊಳಗೆ ಪಾಠ ಕಲಿತು ಅರಮನೆಗೆ ಹೋಗ್ತಾಳೆ. ಅಜ್ಜಿಯ ರೀಲು ಅರವತ್ತು ವರ್ಷ ಓಡಿತು. ಇನ್ನೊಂದು ಇದೆ. ಬಾವಿಯಿಂದ ನೀರು ಸೇದೋದನ್ನು ಸಿನಿಮಾದವರು ಅರಮನೆಯವಳಿಗೆ ಅವಮಾನ ಅಂತ ತೋರಿಸ್ತಾರೆ. ನಮ್ಮ ಹೆಂಗಸರಿಗೆ ಊರ ಬಾವಿಯ ಹಗ್ಗ ಮುಟ್ಟೋ ಹಕ್ಕೇ ಇರಲಿಲ್ಲ. ಯಾರಾದರೂ ಬಂದು ಹುಯ್ಯಲಿ ಅಂತ ಬರಿಗೊಡ ಇಟ್ಟುಕೊಂಡು ದೂರ ನಿಂತಿರ್ತಿದ್ದರು. ಅವಳಿಗೆ ಶಿಕ್ಷೆಯಾದದ್ದು ಇವರಿಗೆ ಸಿಗದ ಭಾಗ್ಯ!

1976 ಎಂಥ ವರ್ಷ ಅನ್ನೋದನ್ನೂ ನೋಡಬೇಕು. ದೇಶದಲ್ಲಿ ತುರ್ತು ಪರಿಸ್ಥಿತಿ. ಅದೇ ವರ್ಷ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. ಅದೇ ವರ್ಷ ನವೆಂಬರ್ 19ರಿಂದ 1955ರ ಅಸ್ಪೃಶ್ಯತಾ ಕಾಯಿದೆ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಆಯಿತು. ಅದರ ಹಿಂದಿನ ವರ್ಷವೇ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತ್ತು. ಅರಸು ಕಾಲದ ಭೂಸುಧಾರಣೆಯಲ್ಲಿ ಗೇಣಿದಾರರು ಟ್ರಿಬ್ಯೂನಲ್ಲಿಗೆ ಅರ್ಜಿ ಹಿಡಿದು ಓಡಾಡ್ತಿದ್ದರು. ಒಡೆಯನ ಎದುರು ನಿಲ್ಲೋ ಆಸೆ ಗಾಳಿಯಲ್ಲೇ ಇತ್ತು. ಸಿನಿಮಾ ಆ ಆಸೆಯ ವಾಸನೆ ಹಿಡಿದು, ಅದಕ್ಕೆ ಯಾರಿಗೂ ನಷ್ಟವಾಗದ ದಾರಿ ತೋರಿಸಿತು. ಇಂಥ ಕಥೆಗಳ ಗಂಡು ಅರಮನೆಯ ಕಣಜಕ್ಕೆ ಕೈ ಹಾಕೋದಿಲ್ಲ, ಮಗಳ ಜಡೆಗೆ ಕೈ ಹಾಕ್ತಾನೆ. ಕಥೆ ಮುಗಿಯೋವಾಗ ಅರಮನೆ ಅಲ್ಲೇ ಇರುತ್ತೆ, ಹೊಸ ಅಳಿಯ ಸಿಕ್ಕಿರ್ತಾನೆ. ಇವನನ್ನೇ ಬಂಡಾಯಗಾರ ಅಂತ ಭಾಷಣದಲ್ಲಿ ಹೇಳೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಗೆಳೆಯರೇ, ಅವನು ಯಾರ ಮೇಲೆ ಬಂಡೆದ್ದ ಸ್ವಲ್ಪ ಹೇಳಿ.

ಆ ಗಂಡೂ ನಮ್ಮವನಲ್ಲ. ಅವನಿಗೆ ಹೊಲ ಇದೆ, ಎತ್ತು ಇದೆ, ಊರೊಳಗೆ ಮನೆ ಇದೆ. ರಾಜರಾಣಿ ಸಿನಿಮಾದ ಊರುಗಳಲ್ಲಿ ಕೇರಿ ಅನ್ನೋದು ಇರೋದೇ ಇಲ್ಲ. ಸತ್ತ ದನ ಯಾರು ಎಳೆದರು, ಕುದುರೆಗೆ ಜೀನು ಯಾರು ಹೊಲಿದರು, ಕೇಳಬೇಡಿ. ನಮ್ಮವನು ಬರೋದು ಒಂದೇ ಕಡೆ: ದೊರೆಯ ಅಪ್ಪಣೆ ಸಾರೋಕೆ ಡಂಗುರ ಹೊಡೆಯುವವನಾಗಿ. ಅರ್ಧ ನಿಮಿಷ. ಹೆಸರಿಲ್ಲ. ಟಾಂ ಟಾಂ ಹೊಡೆದು ಆ ಕಡೆ ಹೋದವನು ಮತ್ತೆ ಕಾಣಿಸೋದಿಲ್ಲ. ನೆಲದಲ್ಲಿ ಕೂತಿದ್ದ ತೋಟಿಗೆ, ಬೆಳಿಗ್ಗೆ ತಾನು ಮಾಡಿದ ಕೆಲಸವನ್ನೇ ಪರದೆಯ ಮೇಲೆ ನೋಡಿ ಏನನ್ನಿಸಿತೋ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಸಿನಿಮಾನೂ ಅಷ್ಟೇ ಓಡ್ತಿತ್ತು. 1951ರ 'ಪಾತಾಳ ಭೈರವಿ' ಎಷ್ಟೋ ವರ್ಷ ಟೆಂಟುಗಳಲ್ಲಿ ಸುತ್ತುತ್ತಲೇ ಇತ್ತು. ತೋಟದ ಮಾಲಿಯ ಮಗ ರಾಮುಡು ಉಜ್ಜಯಿನಿಯ ರಾಜಕುಮಾರಿಯನ್ನು ಪ್ರೀತಿಸ್ತಾನೆ, ಮಾಂತ್ರಿಕನನ್ನು ಗೆದ್ದು ಮದುವೆಯಾಗ್ತಾನೆ. ಇಲ್ಲಿ ಬಗ್ಗಿಸೋದಿಲ್ಲ, ಬರೀ ಪ್ರೀತಿ. ನನಗೆ ಕೇಳಿದರೆ ಬಹದ್ದೂರ್ ಗಂಡಿಗಿಂತ ಈ ತೋಟದ ಹುಡುಗನೇ ವಾಸಿ. ಆದರೆ ಅವನಿಗೆ ಗೆಲ್ಲೋಕೆ ಪಾತಾಳದ ದೇವತೆಯೇ ಬರಬೇಕಾಯಿತು. 2023ರ ಜೂನ್ ತಿಂಗಳಲ್ಲಿ ಇದೇ ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ, ದಲಿತ ಹುಡುಗನನ್ನು ಪ್ರೀತಿಸಿದಳು ಅಂತ ಅಪ್ಪನೇ ಮಗಳನ್ನು ಕೊಂದ ಅಂತ ಕೇಸಾಯಿತು. ಸುದ್ದಿ ಕೇಳಿದ ಹುಡುಗ ರೈಲಿಗೆ ತಲೆಕೊಟ್ಟ. ಯಾವ ಭೈರವಿಯೂ ಬರಲಿಲ್ಲ.

ಗೋಡೆಯ ಆ ಕಡೆಯವರು ಬರೀ ಪಾಪ ಅಂದುಕೊಂಡು ಕೂತಿದ್ದರು ಅಂತ ತಿಳಿಯಬೇಡಿ. ಅವರು ಸಿನಿಮಾವನ್ನು ತಮಗೆ ಬೇಕಾದ ಹಾಗೆ ಕತ್ತರಿಸಿಕೊಂಡರು. ಅಜ್ಜಿಗೆ ಇಷ್ಟವಾದದ್ದು ಮೊದಲರ್ಧ. "ಅವ್ಳು ಯಾರಿಗೂ ತಲೆ ಬಗ್ಗಿಸ್ದೆ ಮಾತಾಡ್ತಾಳಲ್ಲ, ಅದು ಚಂದ. ಆಮ್ಯಾಲಿಂದು ನಂಗೆ ನಿದ್ದೆ." ಇದು ಒಬ್ಬ ಅಜ್ಜಿಯ ಮಾತಷ್ಟೇ ಅಲ್ಲ ಅನ್ನೋದಕ್ಕೆ ಸಿನಿಮಾ ಚರಿತ್ರೆಯೇ ಸಾಕ್ಷಿ. 1989ರಲ್ಲಿ ಪರ್ವತವಾಣಿಯವರ ಅದೇ ನಾಟಕ 'ನಂಜುಂಡಿ ಕಲ್ಯಾಣ' ಆಗಿ ಬಂತು, ರಾಜರಾಣಿ ವೇಷ ಕಳಚಿ ಪ್ಯಾಂಟು ಷರಟು ಹಾಕಿಕೊಂಡು. ನಾಯಕಿ ಮಾಲಾಶ್ರೀಗೆ ಕನ್ನಡದಲ್ಲಿ ಅದೇ ಮೊದಲು. ಕಥೆಯಲ್ಲಿ ಅವಳು ಬಗ್ಗಿದಳು, ಆದರೆ ಜನ ಒಪ್ಪಿಕೊಂಡದ್ದು ಬಗ್ಗದಿದ್ದ ಮಾಲಾಶ್ರೀಯನ್ನು. ಕೆಲವೇ ವರ್ಷಗಳಲ್ಲಿ ಅವಳು 'ಎಸ್.ಪಿ. ಭಾರ್ಗವಿ'ಯಾಗಿ ಪೊಲೀಸ್ ಡ್ರೆಸ್ಸಲ್ಲಿ ಗಂಡಸರನ್ನು ಬಡಿಯುತ್ತಿದ್ದಳು, ಹೆಂಗಸರು ಟಿಕೆಟ್ ಕೊಂಡು ನೋಡ್ತಿದ್ದರು. ಪಳಗಿಸೋ ಕಥೆ ಬರೆದವರು ಇದನ್ನು ಎಣಿಸಿರಲಿಲ್ಲ.

ಷೇಕ್ಸ್‌ಪಿಯರನ ನಾಟಕದ ಮೊದಲಲ್ಲಿ ಒಂದು ಭಾಗ ಇದೆ. ಕನ್ನಡ ಸಿನಿಮಾದವರು ಅದನ್ನು ತೆಗೆದುಹಾಕಿದರು. ಕ್ರಿಸ್ಟೋಫರ್ ಸ್ಲೈ ಅನ್ನೋನು ಪಾತ್ರೆಗೆ ತೇಪೆ ಹಾಕಿ ಹೊಟ್ಟೆ ಹೊರೆಯೋ ಬಡವ. ಕುಡಿದು ಹೆಂಡದಂಗಡಿ ಮುಂದೆ ಬಿದ್ದಿರ್ತಾನೆ. ಬೇಟೆಯಿಂದ ಬಂದ ಒಬ್ಬ ದೊರೆ ತಮಾಷೆಗೆ ಅವನನ್ನು ಎತ್ತಿಸಿ, ತನ್ನ ಹಾಸಿಗೆಯಲ್ಲಿ ಮಲಗಿಸಿ, ರೇಷ್ಮೆ ತೊಡಿಸಿ, ಎದ್ದಾಗ ನೀವೇ ದೊರೆ ಅಂತ ನಂಬಿಸ್ತಾನೆ. ಹಾಗೆ ನಂಬಿದವನ ಮುಂದೆ ಆಡಿಸೋ ಆಟವೇ ಈ ಗಯ್ಯಾಳಿಯ ಆಟ. ಒಂದು ರಾತ್ರಿಯ ಮಟ್ಟಿಗೆ ದೊರೆಯಾದ ಬಡವನಿಗೆ ತೋರಿಸೋಕೆ ಅಂತಲೇ ಕಟ್ಟಿದ ಆಟ. ಇದನ್ನು ಓದಿದ ದಿನ ನನಗೆ ಟೆಂಟಿನ ಮರಳಲ್ಲಿ ಕೂತ ತಾತ ಕಂಡ.

ಷೇಕ್ಸ್‌ಪಿಯರ್ ಸ್ಲೈಯನ್ನು ಮೊದಲ ಅಂಕದಲ್ಲೇ ಮರೆತುಬಿಡ್ತಾನೆ. ಆದರೆ ಇದೇ ಕಥೆಯ ಇನ್ನೊಂದು ನಾಟಕ, ಬರೆದವರ ಹೆಸರಿಲ್ಲದ್ದು, 1594ರಲ್ಲಿ ಅಚ್ಚಾಯಿತು. ಅದರಲ್ಲಿ ಆಟ ಮುಗಿದ ಮೇಲೆ ನಿದ್ದೆಹೋದ ಸ್ಲೈಗೆ ಹಳೇ ಬಟ್ಟೆ ಹಾಕಿ, ತಂದಲ್ಲೇ ತಂದು ಹಾಕ್ತಾರೆ. ಬೆಳಗಿನ ಜಾವ ಅಂಗಡಿಯವನು ಎಬ್ಬಿಸಿ, ರಾತ್ರಿಯೆಲ್ಲ ಇಲ್ಲಿ ಬಿದ್ದಿದ್ದೀಯಲ್ಲ, ಹೆಂಡತಿ ಬಿಡ್ತಾಳಾ ಅಂತಾನೆ. ಸ್ಲೈ ಹೆದರೋದಿಲ್ಲ. ಒಳ್ಳೇ ಕನಸು ಕಂಡೆ, ಗಯ್ಯಾಳಿಯನ್ನು ಪಳಗಿಸೋದು ಹೇಗೆ ಅಂತ ಈಗ ಗೊತ್ತಾಯಿತು ಅಂತ ಹೇಳಿ ಮನೆ ಕಡೆ ಹೊರಡ್ತಾನೆ. ಅಂಗಡಿಯವನೂ ಜೊತೆಗೆ ಹೋಗ್ತಾನೆ. ಸ್ಲೈಯ ಹೆಂಡತಿ ಆ ನಾಟಕದಲ್ಲಿ ಎಲ್ಲೂ ಬರೋದಿಲ್ಲ.