ಟಿಸಿ ಇಲ್ಲಂದ್ರ ಸಾಲಿ ಇಲ್ಲೇನು? ಪಾಲಕರಿಗೆ ಮುಟ್ಟದ ಮಾತಿನ ಇತಿಹಾಸ

ಇಯರ್‌ಫೋನ್ ಹಾಕ್ಕೊಂಡು ಚಿಗರಿ ಬಸ್ಸಿನಲ್ಲಿ ಕೂತು ಕೇಳುತ್ತಿದ್ದರೆ, ಹುಬ್ಬಳ್ಳಿ–ಧಾರವಾಡದ ನಡುವೆ ನಮ್ಮ ಅಮರಗೋಳ ಬಂದಾಗ ಒಮ್ಮೆ ಕಿಟಕಿಯಾಚೆ ನೋಡಿ. ಇವತ್ತಿನ ಕಥೆ ಇಲ್ಲಿಯದೇ.

2021ರ ಮಾತು. ನಮ್ಮ ಮಾಮಾ, ಅಂದ್ರೆ ಅಕ್ಕನ ಗಂಡ, ಟಂಟಂ ಹೊಡೀತಿದ್ದರು. ಲಾಕ್‌ಡೌನ್‌ನಲ್ಲಿ ಗಾಡಿ ನಿಂತಿತು, ಮಗನ ಫೀಸೂ ನಿಂತಿತು. ಹುಡುಗನನ್ನು ಖಾಸಗಿ ಶಾಲೆ ಬಿಡಿಸಿ 6ನೇ ತರಗತಿಗೆ ಕನ್ನಡ ಸಾಲಿಗೆ ಹಾಕೋಣ ಅಂದುಕೊಂಡರು. ಹಳೇ ಶಾಲೆಯವರು, "ಬಾಕಿ ಕಟ್ರಿ, ಟಿಸಿ ಒಯ್ರಿ" ಅಂದುಬಿಟ್ಟರು. ಓಣಿಯವರೆಲ್ಲ, "ಟಿಸಿ ಇಲ್ಲಂದ್ರ ಯಾವ ಸಾಲ್ಯಾಗೂ ತಗೊಳ್ಳೂದಿಲ್ಲ" ಅಂದರು. ನಾನೂ ಹಾಗೇ ಅಂದೆ. ಸೆಪ್ಟೆಂಬರ್‌ನಲ್ಲಿ 6ನೇ ತರಗತಿ ಶುರುವಾಯಿತು. ಓರಗೆಯ ಹುಡುಗರು ಮಾಸ್ಕ್ ಹಾಕ್ಕೊಂಡು ಹೋದರು, ಇವನು ಕಟ್ಟೆಯ ಮೇಲೆ ಕೂತು ಅವರನ್ನು ನೋಡುತ್ತಿದ್ದ. ದೀಪಾವಳಿ ಮುಗಿಯಿತು. ಅಕ್ಕ ಬೆಂಡೋಲಿ ಒತ್ತಿ ಇಡಲು ಹೊರಟಳು.

ಆಗ ಸರ್ಕಾರಿ ಶಾಲೆಯ ಅಕ್ಕೋರೊಬ್ಬರು ಒಂದೇ ಮಾತು ಹೇಳಿದರು: "ಮೊದಲ ಹುಡುಗನ್ನ ಕಳಸ್ರಿ. ಕಾಗದ ಆಮ್ಯಾಲೆ ಬರ್ತದ."

ಅದು ಅವರ ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ, 5ನೇ ಸೆಕ್ಷನ್. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಹನ್ನೊಂದು ವರ್ಷದಿಂದ ಇದ್ದ ಮಾತು ನಮ್ಮ ಓಣಿಗೆ ಬಂದಿರಲಿಲ್ಲ. ಯಾಕೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಹಿಂದಕ್ಕೆ ಹೋದೆ.

ನಮ್ಮೂರಲ್ಲಿ ಚಾಲುಕ್ಯರ ಕಾಲದ ಬನಶಂಕರಿ ಗುಡಿ ಇದೆ. ಆ ಕಾಲದಲ್ಲಿ ಯಾವ ಭೂಮಿ ಯಾರಿಗೆ, ಯಾವ ತೆರಿಗೆ ಯಾವುದಕ್ಕೆ ಅನ್ನೋದನ್ನು ಕಲ್ಲಿನಲ್ಲಿ ಕೊರೆದು ಗುಡಿಯ ಮುಂದೆ ನಿಲ್ಲಿಸುತ್ತಿದ್ದರು. ಓದಲು ಬರುತ್ತಿದ್ದವರು ಕಡಿಮೆ, ನಿಜ. ಆದರೆ ಮಾತು ಊರ ನಡುವೆ ಇರುತ್ತಿತ್ತು.

ಈಗ ಶಾಲೆಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಸರ್ಕಾರಿ ಶಾಲೆಗಳಲ್ಲಿ ಮರಾಠಿಯದ್ದೇ ಕಾರುಬಾರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಂಥ ಶಾಲೆಯಲ್ಲಿ ಏನು ನಡೆಯುತ್ತದೆ ಅನ್ನೋದು ಅವ್ವ–ಅಪ್ಪನಿಗೆ ತಿಳಿಯೋದು ಹೇಗೆ? ಇದನ್ನು ಬದಲಿಸಲು ದುಡಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಇವರು ಶಿಕ್ಷಣ ಇಲಾಖೆಯ ಅಧಿಕಾರಿ. ಈ ಭಾಗದಲ್ಲಿ ಕನ್ನಡ ಶಾಲೆಗಳು ಬೆಳೆಯಲು ಕಾರಣರಾದವರು. ಶಾಲೆ ಮತ್ತು ಪಾಲಕರು ಒಂದೇ ಭಾಷೆಯಲ್ಲಿ ಮಾತಾಡೋದಕ್ಕೆ ದಾರಿ ಆಯಿತು.

ಆದರೆ ಮಾತು ಒಂದೇ ದಿಕ್ಕಿನದು. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಎಂದು ಕೇಳಿದರು. 1911ರಲ್ಲಿ ಗೋಪಾಲಕೃಷ್ಣ ಗೋಖಲೆ ಮಸೂದೆ ತಂದರು. ಮರುವರ್ಷ ಅದು 38–13 ಮತಗಳಿಂದ ಬಿದ್ದುಹೋಯಿತು. ಮುಂದೆ ವಿಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬೈ ಪ್ರಾಂತ್ಯದ ಪುರಸಭೆಗಳಿಗೆ 1918ರ ಕಾಯ್ದೆ ಬಂತು, ಆಮೇಲೆ 1923ರದ್ದು. ಏಕೀಕರಣದ ನಂತರ ನಮ್ಮ ರಾಜ್ಯದಲ್ಲಿ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು.

ಒಳ್ಳೆಯ ಕಾಯ್ದೆಗಳೇ. ಆದರೆ ಅವುಗಳಲ್ಲಿ ಪಾಲಕ ಅಂದ್ರೆ ಯಾರು ನೋಡಿ: ಮಗುವನ್ನು ಕಳಿಸದಿದ್ದರೆ ನೋಟಿಸ್ ಪಡೆಯುವವ, ದಂಡ ಕಟ್ಟುವವ. ಕೇಳುವವ ಅಲ್ಲ.

ದಿಕ್ಕು ಬದಲಾಗಲು ಬಹಳ ಕಾಲ ಬೇಕಾಯಿತು. 1950ರ ಸಂವಿಧಾನ, 14 ವರ್ಷದವರೆಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಹತ್ತು ವರ್ಷದೊಳಗೆ ಯತ್ನಿಸಬೇಕು ಎಂದಿತ್ತು. ಹತ್ತು ಹೋಗಿ ನಲವತ್ತು ಆಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕು ಎಂದಿತು. ಪ್ರಕರಣ ಎದ್ದದ್ದು ನಮ್ಮ ಕರ್ನಾಟಕದಲ್ಲೇ, ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನ ಶುಲ್ಕದ ವಿಷಯಕ್ಕೆ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಈ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಗಟ್ಟಿ ಮಾಡಿದರು. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ, 2009ರಲ್ಲಿ ಆರ್‌ಟಿಇ.

ನಡುವೆ ಕರ್ನಾಟಕ ಒಂದು ಹೆಜ್ಜೆ ಮುಂದೆ ಇಟ್ಟಿತ್ತು. ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆ ಹೇಳಿದಂತೆ, 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂತು. ಪಾಲಕರೇ ಆರಿಸಿದ ಪಾಲಕರ ಸಮಿತಿ. ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಆಮೇಲೆ ಆರ್‌ಟಿಇ ಹೇಳಿತು. ದಂಡ ಕಟ್ಟುವವ ಈಗ ಲೆಕ್ಕ ಕೇಳುವವ.

ಕಾಗದದ ಮೇಲೆ. ನಡೆಯೋದು ಏನು? ಬೆಂಗಳೂರಿನಿಂದ ಸುತ್ತೋಲೆ ಹೊರಡುತ್ತದೆ. ಡಿಡಿಪಿಐ, ಬಿಇಒ, ಹೆಡ್‌ಮಾಸ್ತರು, ಕೊನೆಗೆ ಫೈಲು. ಸುತ್ತೋಲೆ ಎಲ್ಲಾ ಕಡೆ ಸುತ್ತುತ್ತದೆ, ನಮ್ಮ ಓಣಿ ಬಿಟ್ಟು. ಈಗ ಶಾಲೆಗೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ ಅನ್ನಬಹುದು. ಹೌದು. ಎಷ್ಟೋ ಗ್ರೂಪ್‌ಗಳಲ್ಲಿ "ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು" ಅಂತ ಇರುತ್ತದೆ. ಫೋನು ಹೊಸದು, ರೀತಿ 1923ರದ್ದು.

ಅದಕ್ಕೇ ಇವತ್ತು ಐದು ಮಾತು. 6ರಿಂದ 14 ವರ್ಷದ ಮಕ್ಕಳು, 1ರಿಂದ 8ನೇ ತರಗತಿಗೆ ಇದು.

ಒಂದು, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವಾಗ ಟಿಸಿ ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ, ಮುಂದೂಡುವಂತಿಲ್ಲ. ಹಳೇ ಶಾಲೆ ತಕ್ಷಣ ಟಿಸಿ ಕೊಡಬೇಕು.

ಎರಡು, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

ಮೂರು, ಪ್ರವೇಶಕ್ಕೆ ಮಗುವಿಗಾಗಲಿ ಪಾಲಕರಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡ ಇದೆ. ಈ ಸಲ ದಂಡ ಶಾಲೆಗೆ, ನೋಡ್ರಿ!

ನಾಲ್ಕು, ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ.

ಐದು, ದೂರು ಇದ್ದರೆ ಬರವಣಿಗೆಯಲ್ಲಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಡಿ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು.

ಅಕ್ಕನ ಬೆಂಡೋಲಿ ಉಳಿಯಿತು. ಹುಡುಗ ಮರುದಿನವೇ ಸಾಲಿಗೆ ಹೋದ. ಆದರೆ ಕಟ್ಟೆಯ ಮೇಲೆ ಕಳೆದ ಆ ಎರಡು ತಿಂಗಳು ಯಾವ ಸೆಕ್ಷನ್ನೂ ವಾಪಸ್ ಕೊಡಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಗೊತ್ತಿಲ್ಲದೆ, ಗೊತ್ತಿದ್ದವನ ಹಾಗೆ, "ತಗೊಳ್ಳೂದಿಲ್ಲ" ಅಂದವನು ನಾನು.

ನಿಮಗೆ ಮಕ್ಕಳಿಲ್ಲದಿರಬಹುದು, ಮದುವೆಯೂ ಆಗಿರಲಿಕ್ಕಿಲ್ಲ. ಅಕ್ಕ ಇರ್ತಾಳೆ, ಬಾಜೂ ಮನೆ ಕಾಕೂ ಇರ್ತಾರೆ. ಅವರಿಗೆ ಈ ಐದು ಮಾತು ಕೇಳಿಸಿ. ಗ್ರೂಪಿನಲ್ಲಿ ಹಾಕಲು ಬಿಡದಿದ್ದರೆ ಕಟ್ಟೆಯ ಮೇಲೆ ಕೂತು ಹೇಳಿ.

ಮುಂದಿನ ವಾರ ಸಿಗೋಣ. ಬರ್ತೀನ್ರಿ.