ಯೂಸ್ಯಾಟ್-1 (ಮಾದರಿ)

1981ರ ಅಕ್ಟೋಬರ್ 6ರಂದು ಅಮೆರಿಕದ ಡೆಲ್ಟಾ ರಾಕೆಟ್ ಏರಿ ಹೋದ ಪುಟ್ಟ ಉಪಗ್ರಹವಿದು. ತೂಕ ಸುಮಾರು 50 ಕಿಲೋ. ಕಟ್ಟಿದವರು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಮಾರ್ಟಿನ್ ಸ್ವೀಟಿಂಗ್ ಮತ್ತು ಸಂಗಡಿಗರು. ಸ್ವೀಟಿಂಗ್ ಅವರಿಗೆ ಹ್ಯಾಮ್ ರೇಡಿಯೊ ಹುಚ್ಚು.

ಬಾಹ್ಯಾಕಾಶಕ್ಕೆಂದೇ ತಯಾರಾಗುವ ದುಬಾರಿ ಭಾಗಗಳನ್ನು ಬಿಟ್ಟು, ಪೇಟೆಯಲ್ಲಿ ಸಿಗುವ ಚಿಪ್‌ಗಳನ್ನೇ ಬಳಸಿದರು. ಸರ್ಕಿಟ್ ಬೋರ್ಡಿನ ನಕ್ಷೆಗಳನ್ನು ಕೈಯಲ್ಲೇ ಬರೆದದ್ದು ಅಡುಗೆಮನೆಯ ಮೇಜಿನ ಮೇಲೆ! ಉಪಗ್ರಹ ಕಕ್ಷೆಯಲ್ಲಿದ್ದಾಗಲೇ ಅದರ ಕಂಪ್ಯೂಟರಿಗೆ ಭೂಮಿಯಿಂದ ಹೊಸ ಪ್ರೋಗ್ರಾಂ ಕಳಿಸಬಹುದಿತ್ತು.

ಪೆಟ್ಟಿಗೆಯ ಪಕ್ಕಗಳನ್ನು ಗಮನಿಸಿ. ಬಿಚ್ಚಿಕೊಳ್ಳುವ ರೆಕ್ಕೆಗಳಿಲ್ಲ, ಸೌರಫಲಕಗಳು ಮೈಗೇ ಅಂಟಿಕೊಂಡಿವೆ.

1985ರಲ್ಲಿ ಸ್ವೀಟಿಂಗ್ ಬರೀ 100 ಪೌಂಡ್ ಬಂಡವಾಳದಲ್ಲಿ ಸರ್ರೆ ಸ್ಯಾಟಲೈಟ್ ಟೆಕ್ನಾಲಜಿ ಕಂಪನಿ ತೆರೆದರು. 2002ರಲ್ಲಿ ‘ಸರ್’ ಪದವಿ ಬಂತು. ಕಂಪನಿ ಕಟ್ಟಿದ, ತಲಾ 447 ಕಿಲೋ ತೂಗುವ ಮೂರು ಉಪಗ್ರಹಗಳನ್ನು 2015ರ ಜುಲೈ 10ರಂದು ಶ್ರೀಹರಿಕೋಟಾದಿಂದ ಹಾರಿಸಿದ್ದು ನಮ್ಮ ಇಸ್ರೋದ ಪಿಎಸ್‌ಎಲ್‌ವಿ.